ಓವನ್ನಿನ ಗಂಟೆ

ನನ್ನ ಸೊಸೆಯಂಥ ಕೈ ಈ ಬೇಕರಿಯಲ್ಲಿ ಇನ್ನೊಬ್ಬರಿಗಿಲ್ಲ. ಅತ್ತೆಯೇ ಸೊಸೆಯನ್ನು ಹೊಗಳಿದರೆ ಜನ ಹುಬ್ಬೇರಿಸುತ್ತಾರೆ, ಏರಿಸಲಿ. ನಾನೂ ಇಲ್ಲೇ ಬ್ರೆಡ್ ಕತ್ತರಿಸುವವಳು, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ದೊಡ್ಡ ಓವನ್ ಅವಳದು. ಬ್ರೆಡ್ ಬೆಂದಾಗ ಅದರ ಗಂಟೆ ಹೊಡೆಯುತ್ತದೆ, ಅವಳು ಬಾಗಿಲು ತೆರೆಯುತ್ತಾಳೆ. ಒಂದು ಬೆಳಿಗ್ಗೆ ಗಂಟೆ ಹೊಡೆದದ್ದೇ ತಡ, ಬಾಗಿಲಿನ ರಬ್ಬರ್ ಪಟ್ಟಿ ಕಿತ್ತುಹೋಗಿ ಬಿಸಿ ಹಬೆ ಅವಳ ಕೆನ್ನೆಗೆ, ಕುತ್ತಿಗೆಗೆ ರಾಚಿತು. ಗಾಯ ಮಾಗಿತು, ಬಾಗಿಲೂ ರಿಪೇರಿಯಾಯಿತು. ಆದರೆ ಆ ಗಂಟೆ ಕೇಳಿದರೆ ಸಾಕು, ಅವಳ ಕೈ ಮರಗಟ್ಟುತ್ತಿತ್ತು. ಮನೆಯ ಕರೆಗಂಟೆಗೂ ಬೆಚ್ಚಿಬಿದ್ದು ಲೋಟ ಕೈಬಿಡುತ್ತಿದ್ದಳು.

ನಾವೋ ಮಹಾ ಜಾಣರು! ಕರೆಗಂಟೆಯ ತಂತಿ ಕಿತ್ತೆವು. ಮಗ ಫೋನಿನ ಬಾಯಿ ಮುಚ್ಚಿಸಿದ. ಅಲಾರಂ ಗಡಿಯಾರವನ್ನು ನಾನು ಕಂಬಳಿಗಳ ರಾಶಿಯೊಳಗೆ ಹೂತಿಟ್ಟೆ, ಮರುದಿನ ಎಲ್ಲರೂ ಕೆಲಸಕ್ಕೆ ತಡ. ಅವಳ ಹೆದರಿಕೆ ಮಾತ್ರ ತಗ್ಗಲಿಲ್ಲ. ಬೀದಿಯ ಸೈಕಲ್ ಗಂಟೆಗೂ ಬೆವರತೊಡಗಿದಳು.

ಬೇಕರಿಯ ಯಜಮಾನರು ಕೊನೆಗೆ ಹೇಳಿಬಿಟ್ಟರು: "ಈ ತಿಂಗಳು ನೋಡ್ತೀನಮ್ಮ. ಆಗಲಿಲ್ಲ ಅಂದ್ರೆ ಓವನ್‌ಗೆ ಬೇರೆಯವರನ್ನ ಹಾಕ್ತೀನಿ."

ಅವಳು ಅಳುತ್ತಾ ಕೂರಲಿಲ್ಲ. ಮನೆಗೆ ಬಂದವಳೇ ನನ್ನೆದುರು ಕೂತಳು.

"ಅತ್ತೆ, ಗಂಟೆ ಹೊಡೀತು, ಸುಟ್ಟಿತು. ನನ್ನ ಮೈ ಅದನ್ನ ಕಲಿತುಬಿಟ್ಟಿದೆ. ಗಂಟೆನೇ ಕೇಳಿಸದಿದ್ರೆ, ಪ್ರತಿ ಸಲ ಸುಡಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ನೀವೇ ಬಾರಿಸಿ."

"ನಾನಾ? ನಿನ್ನ ಒದ್ದಾಟ ನೋಡೋಕೆ ನನ್ನಿಂದ ಆಗಲ್ಲಮ್ಮ."

"ನೀವಾದ್ರೆ ನಾನು ಅತ್ತರೂ ನಿಲ್ಲಿಸಲ್ಲ. ಅದಕ್ಕೇ ಕೇಳ್ತಿರೋದು."

ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ, ಒಪ್ಪಿಕೊಂಡೆ. ಒಂದು ಪುಟ್ಟ ಕೈಗಂಟೆ ತಂದೆ. ಅವಳು ಹಣ್ಣು ಸುಲಿಯುತ್ತಾ ಕೂತಾಗ ದೂರದ ಕೋಣೆಯಿಂದ ಬಾರಿಸಿದೆ. ಬಿಸಿ ಚಹಾ ಮಾತ್ರ ಕೊಡಲಿಲ್ಲ. ಮೈಮೇಲೆ ಚೆಲ್ಲಿಕೊಂಡರೆ ಮಾಡಿದ್ದೆಲ್ಲ ತಲೆಕೆಳಗು. ಆಮೇಲೆ ಬಾಗಿಲ ಬಳಿಯಿಂದ, ಆಮೇಲೆ ಕಿವಿಯ ಪಕ್ಕದಲ್ಲೇ. ಮೊದಮೊದಲು ಹಣ್ಣು ನೆಲದ ಮೇಲೆ ಉರುಳುತ್ತಿತ್ತು. ಬರಬರುತ್ತಾ ಸುಲಿಯುವ ಕೈ ನಿಲ್ಲಲೇ ಇಲ್ಲ.

ತಿಂಗಳ ಕೊನೆಗೆ ಅವಳು ಓವನ್ ಮುಂದೆ ನಿಂತಳು. ಯಜಮಾನರು ಕೈಕಟ್ಟಿ ನೋಡುತ್ತಿದ್ದರು. ಗಂಟೆ ಹೊಡೆಯಿತು. ಮನೆಯ ಗಂಟೆಯೇ ಬೇರೆ, ಇದೇ ಬೇರೆ. ಅವಳ ಮೊಣಕೈ ಅದುರಿದ್ದು ಕಂಡೆ. ಅಷ್ಟರಲ್ಲಿ ನಾನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಅವಳು ಸುಟ್ಟುಕೊಂಡದ್ದನ್ನು ನೋಡಿದ್ದಕ್ಕೇ ನನ್ನ ಮೈಯೂ ಅದೇ ಪಾಠ ಕಲಿತಿತ್ತು, ನನಗೇ ಗೊತ್ತಿರಲಿಲ್ಲ.

ಬೆರಳ ಸಂದಿಯಿಂದ ನೋಡಿದರೆ ಬಾಗಿಲು ತೆರೆದಿದೆ. ಹಬೆಯ ನಡುವೆ ನನ್ನ ಸೊಸೆ ಟ್ರೇ ಎಳೆಯುತ್ತಿದ್ದಾಳೆ. ಕೈ ಇನ್ನೂ ನಡುಗುತ್ತಿತ್ತು, ಆದರೂ ಎಳೆಯುತ್ತಿದ್ದಳು.

"ಓವನ್ ನಿಂದೇ ಕಣಮ್ಮ" ಎಂದರು ಯಜಮಾನರು.

ಅವಳ ಕಣ್ಣು ನನ್ನ ಮೇಲಿತ್ತು. "ಅತ್ತೆ, ಮುಖದಿಂದ ಕೈ ತೆಗೀರಿ. ಮುಂದಿನ ಟ್ರೇಗೆ ನೀವೂ ಇಲ್ಲಿ ಬಂದು ನಿಲ್ಲಬೇಕು."

ಬ್ರೆಡ್ ಚಾಕುವನ್ನು ಮೇಜಿನ ಮೇಲೇ ಬಿಟ್ಟು, ಹೋಗಿ ಅವಳ ಪಕ್ಕ ನಿಂತೆ.