ಗಾಳಿಗೆ ಅಲುಗದ ಕೋಟು

ಆ ಊರಿಗೆ ಬರುವವರಲ್ಲಿ ಎರಡು ಬಗೆ. ಎತ್ತರದಿಂದ ಬೀಳುವವರು ಒಂದು ಬಗೆ, ಬೀಳುವವರನ್ನು ನೋಡುತ್ತ ಕೂತು ತಿನ್ನುವವರು ಇನ್ನೊಂದು. ಬಸ್ಸಿಳಿದು ಹತ್ತು ನಿಮಿಷ ಆಗಿರಲಿಲ್ಲ, ಅಪ್ಪನ ಅಕ್ಕ, ನನ್ನ ಅತ್ತೆ, ಮೊದಲನೆಯ ಗುಂಪಿಗೆ ಹೆಸರು ಬರೆಸಲು ಹೊರಟಿದ್ದಳು. ಅಪ್ಪ ಎರಡನೆಯದರ ಆಜೀವ ಸದಸ್ಯ. ನಾನು ಐದು ತಿಂಗಳ ಬಸುರಿ, ಹಾಗಾಗಿ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಊರಿನ ಒಂದು ಮಗ್ಗುಲಿಗೆ ಕೆರೆ, ಇನ್ನೊಂದು ಮಗ್ಗುಲಿಗೆ ಕಣಿವೆ. ಕಣಿವೆಯ ಮೇಲೊಂದು ಹಳೆಯ ಕಬ್ಬಿಣದ ಸೇತುವೆ. ಸೇತುವೆಯ ನಡುವಿನಿಂದ ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಜನ ಧುಮುಕುತ್ತಿದ್ದರು. ಆಕಾಶದ ತುಂಬ ಬಣ್ಣದ ಪ್ಯಾರಾಚೂಟುಗಳು, ಯಾರೋ ಒಗೆದ ಬಟ್ಟೆ ಕ್ಲಿಪ್ಪು ಬಿಟ್ಟು ಹಾರಿಹೋದ ಹಾಗೆ.

ಅಪ್ಪ ಮತ್ತು ಅತ್ತೆ ಮೂವತ್ತೈದು ವರ್ಷದಿಂದ ಪರದೆ ಅಂಗಡಿ ನಡೆಸುತ್ತಿದ್ದಾರೆ. ಕಿಟಕಿಯ ಅಳತೆ, ಕತ್ತರಿ, ಕೆಳಗಿನ ಅಂಚಿನ ಮಡಿಕೆ ಅಪ್ಪನದು. ಮಿಷನ್ ಹೊಲಿಗೆ ಅತ್ತೆಯದು. ಏಣಿ ಹತ್ತಿ ಪರದೆ ತೂಗುಹಾಕುವುದೂ ಅತ್ತೆಯೇ, ಯಾಕೆಂದರೆ ಅಪ್ಪ ಎರಡನೆಯ ಮೆಟ್ಟಿಲಿನಾಚೆ ಹೋದ ದಾಖಲೆ ಇಲ್ಲ. ಕೆಳಗೆ ನಿಂತು ಏಣಿ ಹಿಡಿದುಕೊಳ್ಳುವುದು ಹೆಚ್ಚು ಜವಾಬ್ದಾರಿಯ ಕೆಲಸ ಎಂದು ಅವನ ವಾದ. ಹಿಡಿದುಕೊಂಡು ಹೇಳುವ ಮಾತೂ ಒಂದೇ: "ಅಕ್ಕಾ, ಹುಷಾರು, ಬೀಳ್ತೀಯ!"

ಹೋದ ತಿಂಗಳು ಅತ್ತೆ ಏಣಿಯ ತುದಿಯಿಂದಲೇ ಉತ್ತರ ಕೊಟ್ಟಿದ್ದಳು. "ಮೂವತ್ತೈದು ವರ್ಷದಿಂದ ಬೀಳ್ತೀಯ ಬೀಳ್ತೀಯ ಅಂತ ಪ್ರಾಣ ತಿಂತಿದ್ದೀಯಲ್ಲ, ಒಂದು ಸಲ ಸರಿಯಾಗಿ ಬಿದ್ದೇ ತೀರ್ತೀನಿ ತಡಿ."

ನಾವು ತಮಾಷೆ ಅಂದುಕೊಂಡೆವು. ಅವಳು ಸೇತುವೆಯವರ ವಯಸ್ಸಿನ ನಿಯಮವೊಂದನ್ನು ಆಗಲೇ ವಿಚಾರಿಸಿಟ್ಟಿದ್ದಳು. ಅರವತ್ತು ತುಂಬಿದವರಿಗೆ ಅಲ್ಲಿ ಜಿಗಿಯಲು ಬಿಡುವುದಿಲ್ಲ. ಅತ್ತೆಗೆ ಭಾನುವಾರ ಅರವತ್ತು. ಅಂಗಡಿಯನ್ನು ಅಮ್ಮನ ತಲೆಗೆ ಕಟ್ಟಿ ನಾವು ಗುರುವಾರ ಬಂದಿಳಿದಿದ್ದೆವು. ಕೈಯಲ್ಲಿದ್ದದ್ದು ಶನಿವಾರ ಮಧ್ಯಾಹ್ನದವರೆಗಿನ ಸಮಯ.

ಸೇತುವೆಯ ಕಚೇರಿಯಲ್ಲಿ ಒಂದು ತೂಕದ ಯಂತ್ರ, ಒಂದು ದೊಡ್ಡ ಬೋರ್ಡು, ಕೊರಳಿಗೆ ಸೀಟಿ ನೇತುಹಾಕಿಕೊಂಡ ಒಬ್ಬ ಹುಡುಗಿ. ಅತ್ತೆ ಆ ಕ್ಷಣವೇ ಅವಳಿಗೆ ಸೀಟಿ ಎಂದೇ ಹೆಸರಿಟ್ಟಳು. ಹಾಕಿಕೊಂಡ ಬಟ್ಟೆ, ಬೂಟು ಸಮೇತ ತೂಗಬೇಕು, ಜೇಬು ಮಾತ್ರ ಖಾಲಿ ಇರಬೇಕು. ತೂಕ ನೋಡಿ ಅದಕ್ಕೆ ತಕ್ಕ ಹಗ್ಗ. ತಪ್ಪಾಗಬಾರದೆಂದು ಕೆಂಪು ಮಸಿಯಲ್ಲಿ ಮುಂಗೈ ಮೇಲೆ ದಪ್ಪಗೆ ಬರೆಯುತ್ತಾರೆ. ಹೀಗಾಗಿ ಆ ಊರಿನ ಅರ್ಧಕ್ಕರ್ಧ ಜನ ತಮ್ಮ ತೂಕವನ್ನು ಬಹಿರಂಗವಾಗಿ ಹೊತ್ತುಕೊಂಡು ಓಡಾಡುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷ ಮುಚ್ಚಿಟ್ಟ ಅಂಕಿ ಐಸ್‌ಕ್ರೀಮ್ ಅಂಗಡಿಯ ಸಾಲಿನಲ್ಲಿ ಬಯಲಾಗುತ್ತಿತ್ತು.

ಅತ್ತೆ ಹತ್ತಿ ನಿಂತಳು. ಸೀಟಿ ಬಗ್ಗಿ ನೋಡಿದಳು. ನಲವತ್ತಮೂರು.

"ನಲವತ್ತೈದಾದ್ರೂ ಇರಬೇಕಮ್ಮಾ. ಇಲ್ಲದಿದ್ರೆ ಹಗ್ಗ ಹಿಗ್ಗಲ್ಲ."

"ಎರಡು ಕಿಲೋ ತಾನೆ? ಶನಿವಾರದೊಳಗೆ ತಂದುಕೊಡ್ತೀನಿ," ಎಂದಳು ಅತ್ತೆ, ಹಿಟ್ಟಿನ ಗಿರಣಿಯಲ್ಲಿ ಮಾತಾಡುವವಳ ಹಾಗೆ. ಸೀಟಿ ನಕ್ಕು ಶನಿವಾರದ ಕೊನೆಯ ಸರದಿ, ಒಂದು ಗಂಟೆಗೆ, ಹೆಸರು ಬರೆದುಕೊಂಡಳು. ಅಷ್ಟು ಹೊತ್ತೂ ಅಪ್ಪ ಬೋರ್ಡಿಗೆ ಬೆನ್ನು ಕೊಟ್ಟು ಒರಗಿ ನಿಂತಿದ್ದ. ಕಾಲು ನೋವಂತೆ. ಬೋರ್ಡು ಕಂಡರೆ ಮುದ್ರಕರ ವಿಳಾಸದವರೆಗೂ ಓದುವ ಮನುಷ್ಯ ಅದಕ್ಕೆ ಬೆನ್ನು ಹಾಕಿ ನಿಂತದ್ದು ನನಗೆ ಆಗಲೇ ಹೊಳೆಯಬೇಕಿತ್ತು. ನನ್ನ ಗಮನ ಎದುರಿನ ಹೋಟೆಲಿನಿಂದ ಬರುತ್ತಿದ್ದ ಬೆಣ್ಣೆಯ ವಾಸನೆಯ ಮೇಲಿತ್ತು.

ತಿನ್ನಿಸುವ ಉಸ್ತುವಾರಿಯನ್ನು ಅಪ್ಪ ತಾನೇ ಮೈಮೇಲೆ ಹಾಕಿಕೊಂಡ. ಇಷ್ಟು ಉತ್ಸಾಹ ನಾನು ಅವನಲ್ಲಿ ಕಂಡಿರಲಿಲ್ಲ. ಆ ರಾತ್ರಿಯೇ ಎದುರಿನ ಹೋಟೆಲಿನಲ್ಲಿ ಕೆನೆ ಹಾಕಿದ ಸೂಪು, ಕರಿದ ಮೀನು, ಆಲೂಗಡ್ಡೆ. ಬಡಿಸುವವನು ಅತ್ತೆಯ ಮುಂಗೈ ನೋಡಿದ, ಏನೂ ಕೇಳಲಿಲ್ಲ, ಒಳಗೆ ಹೋಗಿ ಅವಳ ತಟ್ಟೆಗೆ ಇನ್ನೊಂದು ಬೆಣ್ಣೆಯ ಗಟ್ಟಿ ತಂದಿಟ್ಟ.

"ನೋಡಿದ್ಯಾ, ಎಂಥ ವಿವೇಕ," ಎಂದ ಅಪ್ಪ. "ಡಾಕ್ಟರಿಗೂ ಇರಲ್ಲ."

ಶುಕ್ರವಾರ ಬೆಳಗ್ಗೆ ಕೆರೆಯ ದಂಡೆಯಲ್ಲಿ ಆಮ್ಲೆಟ್ಟು, ಜೇನು ಸುರಿದ ಬ್ರೆಡ್ಡು. ದೋಣಿಯಲ್ಲಿ ಕೂತು ಕಡಲೆಬೀಜ. ಆಚೆ ದಡದಲ್ಲಿ ಚೀಸು. ಅಪ್ಪನದು ಒಂದೇ ಕಟ್ಟಪ್ಪಣೆ: ನಡೆಯಕೂಡದು, ಕರಗುತ್ತೆ. ನೂರು ಗಜಕ್ಕೂ ರಿಕ್ಷಾ. ಬೆಟ್ಟದ ನೆತ್ತಿಗೆ ಹೋಗಲು ತೂಗುತೊಟ್ಟಿಲಿನಂಥ ಗಾಡಿ ಇತ್ತು, ತಂತಿಯ ಮೇಲೆ ಹೋಗುವಂಥದ್ದು. ಅಪ್ಪ ಅದನ್ನು ಒಮ್ಮೆ ನೋಡಿದ, ಅದರ ಕೆಳಗಿನ ಬಯಲನ್ನು ಒಮ್ಮೆ ನೋಡಿದ, ನೀವು ಹೋಗಿಬನ್ನಿ, ನಾನು ಕೋಟುಗಳನ್ನು ಕಾಯ್ತೀನಿ ಎಂದ. ಕೋಟು ನಮ್ಮ ಮೈಮೇಲಿತ್ತು.

ಮೇಲೆ ತಲುಪಿದ ಮೇಲೆ ಅತ್ತೆ ನನ್ನ ಕೈತಪ್ಪಿಸಿಕೊಂಡಳು. ನೆತ್ತಿಯ ಗೋಪುರಕ್ಕೆ ಮುನ್ನೂರು ಮೆಟ್ಟಿಲು, ಓಡಿ ಹತ್ತಿ ಓಡಿ ಇಳಿದಳು. "ಎಲ್ಲಾ ಕಾಣುತ್ತೆ ಕಣೇ! ಸೇತುವೆ ಒಂದು ಸೂಜಿ ಇದ್ದ ಹಾಗಿದೆ! ಅದರ ಕಣ್ಣಿಂದ ಜನ ದಾರದ ಹಾಗೆ ಇಳೀತಿದ್ದಾರೆ!" ಮುಖ ಕೆಂಪಗೆ, ಕೂದಲು ಕೆದರಿ, ಶಾಲೆ ತಪ್ಪಿಸಿಕೊಂಡು ಬಂದವಳ ಕಳೆ. ಬೈಯಲು ಬಾಯಿ ಬರಲಿಲ್ಲ. ಒಂದು ಇಡೀ ಕೇಕು ತಿನ್ನಿಸಿ ಕೆಳಗೆ ಕರೆತಂದೆ.

ಸಂಜೆ ಔಷಧಿ ಅಂಗಡಿಯ ಯಂತ್ರದಲ್ಲಿ ಅತ್ತೆ ನಲವತ್ತನಾಲ್ಕು. ನಾನು ಸುಮ್ಮನೆ ಹತ್ತಿ ನೋಡಿದೆ. ಊರು ಬಿಟ್ಟಾಗಿನದಕ್ಕಿಂತ ಎರಡು ಕಿಲೋ ಏರಿದ್ದೆ. ಬೇಕಾಗಿದ್ದ ಎರಡು ಕಿಲೋ ಮನೆಯೊಳಗೆ ಬಂದಿತ್ತು, ಬಾಗಿಲು ತಪ್ಪಿತ್ತು.

"ಇನ್ನೊಂದೇ ಕಿಲೋ," ಎಂದಳು ಅತ್ತೆ, ಧ್ವನಿ ಸ್ವಲ್ಪ ಇಳಿದಿತ್ತು. "ಬೆಳಗ್ಗೆ ನೀರು ಕುಡೀತೀನಿ. ಎಷ್ಟು ಬೇಕಾದ್ರೂ ಕುಡೀತೀನಿ."

ಅಪ್ಪ ಅವಳ ಉಣ್ಣೆಯ ಕೋಟಿನ ಗುಂಡಿ ಸಡಿಲಾಗಿದೆ, ಹಾಕಿಕೊಡ್ತೀನಿ ಎಂದು ತೆಗೆದುಕೊಂಡು ಹೋದ. ಸೂಜಿ ದಾರದ ಡಬ್ಬಿ ಇಲ್ಲದೆ ಅವನು ಮನೆಯ ಹೊಸ್ತಿಲು ದಾಟುವವನಲ್ಲ, ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಶನಿವಾರ ಹನ್ನೆರಡೂವರೆ. ಅತ್ತೆ ಮೂರು ಬಾಟಲಿ ನೀರು ಕುಡಿದು, ಎರಡು ಸಲ ಹಿಂದಿನ ಕೋಣೆಗೆ ಓಡಿ ಅದನ್ನೆಲ್ಲ ವಾಪಸು ಮಾಡಿ ಬಂದಿದ್ದಳು. ಯಂತ್ರದ ಮುಂದೆ ಅಪ್ಪ ಹಿಂದಿನಿಂದ ಕೋಟು ತೊಡಿಸಿದ. "ಹಾಕ್ಕೋ ಅಕ್ಕಾ, ಮೇಲೆ ಚಳಿ." ಆ ಹೊತ್ತಿಗೆ ಅವಳಿಗೆ ಎಷ್ಟು ಸಂಭ್ರಮ ಎಂದರೆ, ರಜಾಯಿ ಹೊದಿಸಿದ್ದರೂ ಗೊತ್ತಾಗುತ್ತಿರಲಿಲ್ಲ.

"ನಲವತ್ತೈದು!" ಎಂದಳು ಸೀಟಿ. "ಪಾಸ್!"

ಸಾಲಿನಲ್ಲಿದ್ದ ಅಪರಿಚಿತರೆಲ್ಲ ಚಪ್ಪಾಳೆ ಹೊಡೆದರು. ಅತ್ತೆ ನನ್ನನ್ನು ತಬ್ಬಿ, ಸೀಟಿಯನ್ನು ತಬ್ಬಿ, ಹಳೆಯ ನಲವತ್ತಮೂರರ ಮೇಲೆ ಗೀಟು ಹಾಕಿಸಿಕೊಂಡು ಸೇತುವೆಗೆ ನಡೆದಳು. ನಾವಿಬ್ಬರೂ ಹಿಂದೆ. ಅಪ್ಪ ಸೇತುವೆಯ ನಟ್ಟನಡುವೆ, ಎರಡೂ ಕಟಕಟೆಗಳಿಂದ ಸಮದೂರದಲ್ಲಿ, ಯಾರೋ ಗೆರೆ ಎಳೆದುಕೊಟ್ಟಂತೆ ನಡೆಯುತ್ತಿದ್ದ.

ಮೇಲೆ ಗಾಳಿ ಎಂದರೆ ಗಾಳಿ. ಕಂಬದ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ನನ್ನ ಶಾಲು ನೆಟ್ಟಗೆ ನಿಂತಿತ್ತು. ಅಪ್ಪನ ನೆತ್ತಿಯ ಉಳಿದ ಕೂದಲು ಬೇರೆ ಬೇರೆ ದಿಕ್ಕಿಗೆ ಹೊರಟಿತ್ತು. ಮುಂದಿದ್ದ ದಡೂತಿ ಮನುಷ್ಯ ಧುಮುಕಿದ, ಕೂಗಿದ, ಮೇಲೆ ಬಂದ, ಮತ್ತೆ ಕೂಗಿದ. ಅತ್ತೆ ಕಾಲ ಬೆರಳ ಮೇಲೆ ಕುಣಿಯುತ್ತಿದ್ದಳು. "ಮುಂದಿನದು ನಾನೇ, ಮುಂದಿನದು ನಾನೇ." ಹಾಗೆ ಕುಣಿಯುತ್ತಲೇ ಒಮ್ಮೆ ತಲೆ ತಗ್ಗಿಸಿ ತನ್ನ ಕೋಟು ನೋಡಿಕೊಂಡಳು.

ನಿಂತುಬಿಟ್ಟಳು.

ಜಗತ್ತೆಲ್ಲ ಹಾರಾಡುತ್ತಿದ್ದಾಗ ಆ ಕೋಟು ಮಾತ್ರ ನಮ್ಮ ಅಂಗಡಿಯ ಕಿಟಕಿಯ ಪರದೆಯಂತೆ, ನೆರಿಗೆ ನೆರಿಗೆಯಾಗಿ, ನೆಟ್ಟಗೆ ಇಳಿಬಿದ್ದಿತ್ತು.

ಅತ್ತೆ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉದ್ದಕ್ಕೂ ತಡವಿದಳು. ಫ್ಯಾನಿನ ಗಾಳಿಗೆ ಪರದೆ ಕುಣಿಯಬಾರದೆಂದು ಅಂಚಿನ ಮಡಿಕೆಯಲ್ಲಿ ಸೀಸದ ಗುಂಡು ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ. ಅಪ್ಪನ ಹೆಮ್ಮೆಯ ಪದ್ಧತಿ.

"ನಾಲ್ಕು ಬೆರಳಿಗೊಂದು," ಎಂದಳು ಅತ್ತೆ. "ಮೂಲೆಗೆ ಎರಡು. ಮೂಲೆಗೆ ಎರಡು ಹಾಕೋನು ಈ ಭೂಮಿ ಮೇಲೆ ಒಬ್ಬನೇ. ಎಲ್ಲಿ ಸಿಕ್ತೋ ಇದು?"

"ಕೆರೆ ಹತ್ರ. ಗಾಳದ ಅಂಗಡೀಲಿ," ಎಂದ ಅಪ್ಪ, ಬಾವುಟ ನೋಡುತ್ತ.

"ಪೆದ್ದೇ. ಒಳಗಡೆ ಎಲ್ಲಾದ್ರೂ ಒಂದು ಗಂಟು ಕಟ್ಟಿ ಹಾಕಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಒಂದೇ ಕಡೆ ಹಾಕಿದ್ರೆ ಬಟ್ಟೆ ಜೋತುಬೀಳುತ್ತೆ ಅಕ್ಕಾ." ಅವನ ಧ್ವನಿಯಲ್ಲಿ ನಿಜವಾದ ನೋವಿತ್ತು.

ಸೀಟಿ ಊದಿದಳು. ಅತ್ತೆಯ ಸರದಿ. ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು, ಬೇರೆ ಯಾರಿಗೂ ಗೊತ್ತಿಲ್ಲ. ಅತ್ತೆ ಕಣಿವೆ ನೋಡಿದಳು, ಅಷ್ಟು ಆಸೆಯಿಂದ ಯಾರೂ ಯಾವುದನ್ನೂ ನೋಡಿದ್ದು ನಾನು ಕಂಡಿಲ್ಲ. ಆಮೇಲೆ ಹಗ್ಗ ನೋಡಿದಳು.

"ಏ ಹುಡುಗಿ, ಬಾ ಇಲ್ಲಿ. ಈ ಹಗ್ಗ ನಲವತ್ತೈದರದು. ನಾನು ನಲವತ್ತನಾಲ್ಕು. ಉಳಿದಿದ್ದು ಸೀಸ. ಅಳತೆ ತಪ್ಪಿದ ಪರದೆ ನಾನು ಯಾರ ಮನೇಲೂ ತೂಗುಹಾಕಿಲ್ಲ, ಇಲ್ಲಿ ನಾನೇ ತೂಗುಬೀಳೋದಾ?"

ಸೀಟಿ ಅಂಚು ಮುಟ್ಟಿ ನೋಡಿದಳು. ಮುಖದ ಬಣ್ಣ ಹೋಯಿತು. "ಯಾರು ಮಾಡಿದ್ದು ಇದು? ತಲೆಕೆಳಗಾದಾಗ ಇದೆಲ್ಲ ಮುಖಕ್ಕೆ ಬಡಿದಿದ್ರೆ?" ಅತ್ತೆ ಬೆರಳು ತೋರಿಸಬೇಕಾಗಲಿಲ್ಲ. ಅಪ್ಪ ತನ್ನಷ್ಟಕ್ಕೆ ತಾನೇ ಸಣ್ಣವನಾಗುತ್ತಿದ್ದ. "ಏನ್ಸಾರ್ ನೀವು? ನಲವತ್ತೈದಿಲ್ಲದಿದ್ರೆ ಜೋಡಿಯಾಗಿ ಹಾರಬಹುದು ಅಂತ ಬೋರ್ಡಲ್ಲೇ ಬರೆದಿದೀವಲ್ಲ! ಇಬ್ಬರದೂ ಸೇರಿ ತೊಂಬತ್ತು ದಾಟಿದ್ರೆ ಆಯ್ತು. ಗುರುವಾರ ಹತ್ತು ನಿಮಿಷ ಅಲ್ಲೇ ನಿಂತಿದ್ರಿ, ಓದಿಲ್ವಾ?"

ಓದಿದ್ದ. ಎಲ್ಲರಿಗಿಂತ ಮೊದಲು ಓದಿದ್ದ. ಆಮೇಲೆ ಒರಗಿದ್ದ. ಮೂವರಲ್ಲಿ ಒಬ್ಬಳು ಬಸುರಿ, ಇನ್ನೊಬ್ಬಳು ಅತ್ತೆ. ಜೋಡಿಗೆ ಉಳಿಯುವವರು ಯಾರೆಂದು ಅವನು ಅಲ್ಲೇ ಲೆಕ್ಕ ಹಾಕಿ ಮುಗಿಸಿದ್ದ. ಸೂಪು, ಮೀನು, ಕೇಕು, ಗಾಳದ ಗುಂಡು, ಎಲ್ಲವೂ ಆ ಒಂದು ಸಾಲನ್ನು ಬೆನ್ನಿನಿಂದ ಮುಚ್ಚುವ ಪ್ರಯತ್ನ.

ಅತ್ತೆ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಅಪ್ಪನಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಪರವಾಗಿಲ್ಲ ಬಿಡು," ಎಂದಳು. "ಮೂವತ್ತೈದು ವರ್ಷ ಏಣಿ ಹಿಡ್ಕೊಂಡಿದ್ದೀಯ. ಒಂದು ದಿನ ಕೈಬಿಟ್ಟಿಲ್ಲ. ಅಷ್ಟು ಸಾಕು." ಪಕ್ಕದ ಬೆಂಚಿನ ಮೇಲೆ ಕೂತು, ತಲೆಯಿಂದ ಪಿನ್ನು ತೆಗೆದು, ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ಗುಂಡುಗಳು ಒಂದೊಂದಾಗಿ ಟಿಣ್ ಟಿಣ್ ಎಂದು ಕಬ್ಬಿಣದ ನೆಲಕ್ಕೆ ಬಿದ್ದವು. ಗಂಟೆ ಒಂದಕ್ಕೆ ಎಂಟು ನಿಮಿಷ ಇತ್ತು.

ಅಪ್ಪ ಒಂಬತ್ತು ಗುಂಡು ಬೀಳುವವರೆಗೆ ತಡೆದುಕೊಂಡ. ಹತ್ತನೆಯದಕ್ಕೆ ಸೀಟಿಯ ಮುಂದೆ ಕೈ ಚಾಚಿದ.

"ಬರಿಯಮ್ಮ. ಬೇಗ ಬರಿ. ನಾನು ಯೋಚನೆ ಮಾಡೋಕೆ ಮುಂಚೆ ಬರಿ."

ಸಣ್ಣ ಯಂತ್ರ ಸೇತುವೆಯ ಮೇಲೂ ಒಂದಿತ್ತು. ಅಪ್ಪ ಅರವತ್ತೆಂಟು, ಕೋಟು ಬಿಟ್ಟ ಅತ್ತೆ ನೀಟಾಗಿ ನಲವತ್ತನಾಲ್ಕು, ಏಕೆಂದರೆ ಇಷ್ಟರಲ್ಲಿ ಒಂದು ಬಾಟಲಿ ನೀರು ಮತ್ತೆ ಕುಡಿದಿದ್ದಳು. ಇಬ್ಬರ ಮುಂಗೈ ಮೇಲೂ ಸೀಟಿ 112 ಎಂದು ಬರೆದಳು. ಬೆಲ್ಟು, ಕೊಂಡಿ, ಇನ್ನೊಂದು ದಪ್ಪ ಹಗ್ಗ. ಅಪ್ಪನ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಅತ್ತೆಯ ಕಣ್ಣು ಅಷ್ಟೇ ಅಗಲವಾಗಿ ತೆರೆದಿತ್ತು.

"ಎಷ್ಟು ಮೆಟ್ಟಿಲು ಎತ್ತರ ಇದೆ ಅಕ್ಕಾ?"

"ಎರಡೇ ಕಣೋ. ಎರಡೇ."

ಸೀಟಿ ಊದಿದಳು. ಇಬ್ಬರೂ ಹೋದರು.

ಕಟಕಟೆಗೆ ಜೋತುಬಿದ್ದು ನೋಡಿದೆ. ಮೊದಲು ಮೌನ. ಆಮೇಲೆ ಕಣಿವೆಯ ಎರಡೂ ಗೋಡೆಗೆ ಬಡಿದು ಅಪ್ಪನ ಧ್ವನಿ ಮೇಲೆ ಬಂತು, ಮೂವತ್ತೈದು ವರ್ಷದ ಅಭ್ಯಾಸ, ಪಕ್ಕದಲ್ಲೇ ಅದೇ ವೇಗದಲ್ಲಿ ಬೀಳುತ್ತಿದ್ದ ಮನುಷ್ಯನ ಬಾಯಿಂದ: "ಅಕ್ಕಾ, ಹುಷಾರು, ಬೀಳ್ತೀಯಾ!" ಅದರ ಹಿಂದೆಯೇ ಅತ್ತೆಯ ನಗು. ಹಗ್ಗ ಹಿಗ್ಗಿತು, ಕಣಿವೆಯಡಿಯ ನದಿ ಮುಟ್ಟುವಂತಾಗಿ ಮತ್ತೆ ಮೇಲಕ್ಕೆ ಚಿಮ್ಮಿತು, ನಗುವೂ ಜೊತೆಗೇ ಚಿಮ್ಮಿತು. ಸೇತುವೆಯ ಮೇಲಿದ್ದ ಅಷ್ಟೂ ಜನ ಕೂಗುತ್ತಿದ್ದರು. ನಾನು ಯಾರೋ ಗುರುತಿಲ್ಲದವರ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆ. ಹೊಟ್ಟೆಯೊಳಗಿನ ಮಗು ಒದ್ದಿತು, ಅದಕ್ಕೂ ಸುದ್ದಿ ಮುಟ್ಟಿರಬೇಕು.

ಮಧ್ಯಾಹ್ನದ ಊಟಕ್ಕೆ ಎದುರಿನ ಹೋಟೆಲಿಗೇ ಹೋದೆವು. ಅಪ್ಪನ ಬಾಯಿ ನಿಲ್ಲುತ್ತಿರಲಿಲ್ಲ. ಕೆಳಗೆ ನದಿಯಲ್ಲಿ ಮೀನು ಕಂಡೆ ಎನ್ನುತ್ತಿದ್ದ.

"ಕಣ್ಣು ಮುಚ್ಕೊಂಡಿದ್ಯಲ್ಲೋ," ಎಂದಳು ಅತ್ತೆ.

"ಮುಚ್ಚೋಕೆ ಮುಂಚೆ ಕಂಡೆ."

ಬಡಿಸುವವನು ಅದೇ ಹಳಬ. ಬೆಣ್ಣೆಯ ಗಟ್ಟಿ ಹಿಡಿದು ನಗುತ್ತ ಬಂದವನು, ಗುಬ್ಬಚ್ಚಿಯಂಥ ಅತ್ತೆಯ ಮುಂಗೈ ನೋಡಿದ. ನೂರಾ ಹನ್ನೆರಡು. ಅವಳ ಮುಖ ನೋಡಿದ. ಮತ್ತೆ ಕೈ ನೋಡಿದ. ಗುರುವಾರ ತಾನು ಎಷ್ಟು ಬೆಣ್ಣೆ ಹಾಕಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದನೋ ಏನೋ. ಬೆಣ್ಣೆಯನ್ನು ಮೆಲ್ಲಗೆ ಒಳಗೆ ತೆಗೆದುಕೊಂಡು ಹೋದ.

"ಏಯ್! ತಾರಯ್ಯಾ ಅದನ್ನ ಇಲ್ಲಿ!" ಎಂದು ಅತ್ತೆ ಎದ್ದೇ ಕೂಗಿದಳು. "ಅದರಲ್ಲಿ ಅರ್ಧದ ಮೇಲೆ ಇವನು!"