ದೋಣಿಯ ಹೊರಗೊಂದು ಒಲೆ

ಅಕ್ಕನಿಗೆ ವಾಸನೆ ತಿಳಿಯದಂತಾಗಿದ್ದು ಒಂದು ಜ್ವರದ ನಂತರ. ಜ್ವರ ಬಂದಷ್ಟೇ ಸಲೀಸಾಗಿ ಹೋಯಿತು, ಹೋಗುವಾಗ ಮೂಗಿನ ಕೆಲಸವನ್ನೂ ಗಂಟುಕಟ್ಟಿಕೊಂಡು ಹೋಯಿತು. ಕಾಫಿ, ಫಿನಾಯಿಲು, ಒದ್ದೆ ಹಗ್ಗ ಎಲ್ಲವೂ ಅವಳಿಗೆ ಒಂದೇ. ಕಾದು ನೋಡಿ ಎಂದರು ಡಾಕ್ಟರು. ಕಾದೆವು, ನೋಡಿದೆವು, ಏನೂ ಆಗಲಿಲ್ಲ.

ಮನೆಯಲ್ಲಾದರೆ ಹೇಗೋ ನಡೆಯುತ್ತದೆ. ಹಾಲು ಕೆಟ್ಟಿದೆಯೇ, ತಳ ಹಿಡಿಯಿತೇ ಎಂದು ಭಾವ ಮೂಸಿ ಹೇಳುತ್ತಾರೆ. ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ತೊಂದರೆಯಾದದ್ದು ದೋಣಿಯಲ್ಲಿ. ಅಕ್ಕ ಭಾವನಿಗೆ ಒಂದು ಹಳೆಯ ಹಾಯಿದೋಣಿಯಿದೆ. ಮಕ್ಕಳಿಲ್ಲದವರಿಗೆ ಅದೇ ಮಗು ಎಂದು ಕೆಲವರು ಹೇಳುವುದುಂಟು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಗು ಮಗುವೇ, ದೋಣಿ ದೋಣಿಯೇ.

ಆ ದೋಣಿಯ ಕ್ಯಾಬಿನ್ನಿನಲ್ಲಿ ಒಂದು ಗ್ಯಾಸ್ ಒಲೆಯಿತ್ತು. ಅಡುಗೆಯ ಗ್ಯಾಸ್ ಗಾಳಿಗಿಂತ ಭಾರವಂತೆ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಲಾದರೂ ಆಚೆ ಹೋದೀತು. ದೋಣಿಗೆ ತಳದಲ್ಲಿ ಸಂದಿ ಇರುವ ಹಾಗಿಲ್ಲವಲ್ಲ, ಅದೊಂದು ಬಟ್ಟಲು. ಸೋರಿದ್ದೆಲ್ಲ ಕೆಳಗಿಳಿದು ಒಂದು ಕಿಡಿಗಾಗಿ ಕಾಯುತ್ತಾ ಕೂತಿರುತ್ತದೆ. ಅಷ್ಟೂ ವರ್ಷ ಆ ದೋಣಿಗೆ ಕಾವಲಿದ್ದದ್ದು ಅಕ್ಕನ ಮೂಗು. ಮೊದಲು ಹತ್ತುವವಳು ಅವಳು. ಕ್ಯಾಬಿನ್ನಿನ ಮೆಟ್ಟಿಲ ಬಳಿ ಬಗ್ಗಿ, ಒಳಗಿನ ಗಾಳಿಯನ್ನು ಮೂಸಿ, "ಸರಿ, ಬನ್ನಿ" ಅನ್ನುವಳು. ಆಮೇಲೆಯೇ ಭಾವ ಇಂಜಿನ್ ಕೀಲಿ ತಿರುಗಿಸುತ್ತಿದ್ದದ್ದು.

ಜ್ವರದ ನಂತರ ಅವಳು ದೋಣಿ ಹತ್ತಲೇ ಇಲ್ಲ. ಭಾವ ಒಳಗಿನ ಒಲೆಯನ್ನು ಕಿತ್ತೇ ಹಾಕಿದರು. ಆಗಲೂ ಹತ್ತಲಿಲ್ಲ. "ಒಣ ಬ್ರೆಡ್ಡು ತಿನ್ನೋಕೆ ಸಮುದ್ರದವರೆಗೆ ಯಾಕೆ ಹೋಗ್ಬೇಕು? ಮನೇಲೇ ತಿಂತೀನಿ. ಮಾರಿಬಿಡಿ ಅದನ್ನ" ಎಂದಳು. ಅವಳನ್ನು ಬಿಟ್ಟು ಹೋಗಲು ಭಾವನಿಗೆ ಮನಸ್ಸಿಲ್ಲ. ಹಾಗಾಗಿ ಒಬ್ಬ ಹಲ್ಲಿನ ಡಾಕ್ಟರು ಭಾನುವಾರ ದೋಣಿ ನೋಡಲು ಬರುವುದೆಂದು ಮಾತಾಯಿತು.

ನಾನು ಅಕ್ಕನ ತಂಗಿ. ಹಾಯಿ ಹೊಲಿಯುವುದು ನನ್ನ ಕಸುಬು. ದೋಣಿ ರಿಪೇರಿ ಶೆಡ್ಡಿನ ಮಹಡಿಯಲ್ಲಿ ಉದ್ದಾನುದ್ದ ಮರದ ನೆಲ, ಅದರ ಮೇಲೆ ಹಾಯಿ ಹರವಿಕೊಂಡು ಮಂಡಿಯಲ್ಲೇ ಓಡಾಡುವವಳು. ಅವರ ದೋಣಿಯ ಹಾಯಿಗಳ ಒಂದೊಂದು ಹೊಲಿಗೆಯೂ ನನ್ನದು. ಆ ಹಲ್ಲಿನ ಡಾಕ್ಟರನ್ನು ನಾನು ಕಂಡಿಲ್ಲ, ಆದರೂ ಅವನ ಮೇಲೆ ನನಗೆ ಆಗಲೇ ಸಿಟ್ಟು ಬಂದಿತ್ತು.

ಆ ವಾರದ ಮಧ್ಯೆ ಭಾವ ಏದುಸಿರು ಬಿಡುತ್ತಾ ನನ್ನ ಮಹಡಿ ಹತ್ತಿ ಬಂದರು.

"ಒಲೆ ದೋಣಿ ಒಳಗಿದ್ರೆ ತಾನೇ ತೊಂದ್ರೆ? ಹೊರಗಿದ್ರೆ?"

"ಹೊರಗೆ ಅಂದ್ರೆ? ನೀರಲ್ಲಾ?"

"ನೀರಿನ ಮೇಲೆ. ದೋಣಿ ಹಿಂದಿನ ಅಂಚಿನ ಕಂಬಿಗೆ ಬಿಗಿಯೋ ಗ್ರಿಲ್ ಬರುತ್ತಂತೆ, ಮೀನು ಸುಡೋ ಒಲೆ. ಒಲೆ ಆಚೆ ಕಡೆ ತೂಗ್ತಿರುತ್ತೆ, ಸಿಲಿಂಡರೂ ಅಲ್ಲೇ. ಸೋರಿದ್ರೆ ಸಮುದ್ರಕ್ಕೆ ಸೋರಲಿ. ಬೇಕಾದ್ರೆ ಮೀನು ಕೆಮ್ಮಲಿ."

ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದೆ. ದೋಣಿಗೆ ಹೊರಗಿನಿಂದ ಅಂಟಿಕೊಂಡ ಅಡುಗೆಮನೆ ಎಂದರೆ ಹೇಗಿರಬಹುದು? ಗಾಳಿಗೆ ಉರಿ ನಿಲ್ಲುತ್ತದೆಯೇ? ಅಲೆಗೆ ಓಲಾಡಿದರೆ ಮೀನು ವಾಪಸ್ಸು ಸಮುದ್ರಕ್ಕೆ ಹಾರುವುದಿಲ್ಲವೇ? ಹಿಡಿದ ಕೆಲಸ ಅಲ್ಲಿಗೇ ನಿಂತಿತು. ಕುತೂಹಲ ನಮ್ಮ ಮನೆತನದ ಕಾಯಿಲೆ, ಅದಕ್ಕೆ ಔಷಧಿಯಿಲ್ಲ. ಅಕ್ಕನಿಗೂ ಅದೇ ಕಾಯಿಲೆ ಎಂಬುದೇ ನನ್ನ ಧೈರ್ಯ.

ಅಂಗಡಿಗೆ ಅವಳನ್ನು ಕರೆದೊಯ್ಯಲು ಹೆಚ್ಚು ಪುಸಲಾಯಿಸಬೇಕಾಗಲಿಲ್ಲ. "ನಾನು ಬರೀ ನೋಡೋಕೆ ಬರ್ತೀನಿ. ನೋಡಿದ ಮಾತ್ರಕ್ಕೆ ದೋಣಿ ಹತ್ತುತೀನಿ ಅಂದ್ಕೋಬೇಡಿ" ಎಂದು ಮೊದಲೇ ಷರತ್ತು ಹಾಕಿ ಬಂದಳು.

ಗ್ರಿಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಭಾವ ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮುಂದೆ ಹೋಗಿ ನಿಂತರು. ಅದನ್ನು ಕಂಬಿಗೆ ನೇತುಹಾಕಿದರೆ ದೋಣಿಯ ಮೂತಿ ಮೇಲೇಳುತ್ತಿತ್ತು. "ಮದುವೆ ಮನೆ ಅಡುಗೆ ಮಾಡ್ಬೇಕಾ ಭಾವ?" ಎಂದೆ. ಅವರು ಸಪ್ಪಗಾಗಿ ಜೇಬಿನಿಂದ ಒಂದು ಅಯಸ್ಕಾಂತ ತೆಗೆದರು. ಸ್ಟೀಲಿಗೆ ಅದು ಗಟ್ಟಿಯಾಗಿ ಅಂಟಿದರೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಒಂದೊಂದಕ್ಕೂ ಅಂಟಿಸಿ ನೋಡುತ್ತಾ ಹೊರಟರು. ಅಂಗಡಿಯವನು ಅವರ ಹಿಂದೆಯೇ ನಡೆದ.

ಅಕ್ಕ ಮಾತ್ರ ಒಂದು ಪುಟ್ಟ, ದುಂಡನೆಯ ಇದ್ದಿಲು ಗ್ರಿಲ್‌ನ ಮುಂದೆ ನಿಂತು ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

"ಇದು ಆಗ್ಬಹುದು" ಎಂದಳು.

"ಇದ್ದಿಲು ಬೇಡ ಅಕ್ಕ. ಗಾಳಿಗೆ ಕಿಡಿ ಹಾರುತ್ತೆ, ಹಾಯಿ ತೂತು ಬೀಳುತ್ತೆ."

"ತೂತು ಬಿದ್ರೆ ನೀನು ಹೊಲೀತೀಯ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹಾಯಿ ಹೊಲಿಯುವಾಗ ನನ್ನ ಬೆರಳು ಎಷ್ಟು ಸಲ ಹರಿದಿದೆ ಎಂದು ತೋರಿಸಲು ಹೊರಟವಳು ಅವಳ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡೆ.

"ಕೆಂಡ ಆದ್ರೆ ಕಣ್ಣಿಗೆ ಕಾಣುತ್ತೆ ಕಣೇ. ಗ್ಯಾಸ್ ಸೋರಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಭಾವ ಅಯಸ್ಕಾಂತ ಜೇಬಿಗಿಳಿಸುತ್ತಾ ಬಂದು, "ನೀನ್ಯಾಕೆ ಹೆದರ್ತೀಯ, ನನ್ನ ಮೂಗಿದೆಯಲ್ಲ" ಎಂದರು. ಪ್ರೀತಿಯಿಂದಲೇ ಹೇಳಿದರು ಪಾಪ.

"ಇನ್ನು ಮೇಲೆ ನಿಮ್ಮ ಮೂಗು ನಂಬ್ಕೊಂಡೇ ನಾನು ಉಸಿರಾಡ್ಬೇಕೇನ್ರೀ?" ಎಂದಳು ಅಕ್ಕ. ಗಟ್ಟಿಯಾಗಿ ಹೇಳಲಿಲ್ಲ. ಭಾವ ಅಂಗಡಿಯ ನೆಲ ನೋಡಿದರು.

ಕೊನೆಗೆ ತೆಗೆದುಕೊಂಡದ್ದು ಚಿಕ್ಕದೊಂದು ಗ್ಯಾಸ್ ಗ್ರಿಲ್ಲನ್ನೇ. ಕಿಡಿಗೆ ಹಾಯಿ ಸುಡುತ್ತದೆಂಬ ನನ್ನ ಮಾತಿಗೆ ಅಕ್ಕ ಒಪ್ಪಿದ್ದಳು. ಮುಚ್ಚಳಕ್ಕೆ ಚಿಲಕವಿತ್ತು, ಅಯಸ್ಕಾಂತ ಅಂಟಲಿಲ್ಲ. ಬಿಲ್ಲು ಮಾಡಿಸಲು ಭಾವ ಮುಂದೆ ಹೋದಾಗ ಅಕ್ಕ ಹಿಂದೆಯೇ ಉಳಿದು ಅಂಗಡಿಯವನನ್ನು ಏನೋ ಕೇಳುತ್ತಿದ್ದಳು. ಅವನು ಕೈಯಲ್ಲಿ ಬಣ್ಣ ಬಳಿಯುವಂತೆ ಮಾಡಿ ತೋರಿಸುತ್ತಿದ್ದ. ಏನದು ಎಂದು ನಾನು ಹತ್ತಿರ ಹೋಗುವಷ್ಟರಲ್ಲಿ ಮಾತು ಮುಗಿದಿತ್ತು. ದಾರಿಯುದ್ದಕ್ಕೂ ಕೆದಕಿದೆ. "ಎಲ್ಲಾ ನಿನಗೇ ಗೊತ್ತಾಗ್ಬೇಕಾ?" ಎಂದು ಕಿಟಕಿಯಾಚೆ ನೋಡಿದಳು.

ಶನಿವಾರ ಬೆಳಿಗ್ಗೆ ಮೂವರೂ ದೋಣಿ ಕಟ್ಟುವ ಕಟ್ಟೆಗೆ ಹೋದೆವು. ಅಕ್ಕ ಹೆಗಲಿಗೊಂದು ಬಟ್ಟೆಚೀಲ ಹಾಕಿಕೊಂಡು ಕಟ್ಟೆಯ ಮೇಲೆಯೇ ಕೂತಳು. ಭಾವ ದೋಣಿಯ ಹಿಂಭಾಗದಲ್ಲಿ ಗ್ರಿಲ್ಲಿನ ಕ್ಲ್ಯಾಂಪನ್ನು ಕಂಬಿಗೆ ಹಾಕಿ ಬಿಗಿದರು. ಕಂಬಿ ತೆಳು, ಕ್ಲ್ಯಾಂಪು ದೊಗಲೆ. ಎಷ್ಟು ಬಿಗಿದರೂ ಗ್ರಿಲ್ ನಿಧಾನವಾಗಿ ತಲೆ ಬಾಗಿಸಿ ನೀರಿನ ಕಡೆ ಹೊರಳಿತು. ಭಾವ ಅದನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದರು.

"ಬಿಡ್ಬೇಡಿ" ಎಂದು ಹೇಳಿ ನಾನು ಮಹಡಿಗೆ ಓಡಿದೆ. ಹಾಯಿ ಕಂಬಕ್ಕೆ ಉಜ್ಜುವ ಜಾಗಕ್ಕೆಂದು ಇಟ್ಟಿದ್ದ ದಪ್ಪ ಚರ್ಮದ ಪಟ್ಟಿ ತಂದು ಕಂಬಿಗೆ ಸುತ್ತಿ, ಮೇಣ ಹಚ್ಚಿದ ದಾರದಲ್ಲಿ ಬಿಗಿಯಾಗಿ ಹೊಲಿದೆ. ಅದರ ಮೇಲೆ ಕ್ಲ್ಯಾಂಪು ಕಚ್ಚಿ ಕೂತಿತು. ಭಾವ ಜಗ್ಗಿದರು, ಅಲುಗಲಿಲ್ಲ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ.

ಆದರೆ ಕೆಲಸ ಮುಗಿಯಿತು ಅನ್ನುವಷ್ಟರಲ್ಲಿ ಭಾವನಿಗೆ ಸಂಶಯ ಬಂತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಒಂದು ಕಾಗದ ಹೊತ್ತಿಸಿ ಹಿಡಿದರೆ ಹೊಗೆಯೆಲ್ಲ ನೆಟ್ಟಗೆ ಕ್ಯಾಬಿನ್ನಿನೊಳಕ್ಕೆ. "ಜಾಗ ತಪ್ಪಾಯ್ತು. ಮುಂದಕ್ಕೆ ಹಾಕ್ಬೇಕಿತ್ತು" ಎಂದು ಸ್ಪ್ಯಾನರ್ ಎತ್ತಿಕೊಂಡರು. ನಾನೂ ತಲೆಯಾಡಿಸಿದೆ. ಗಾಳಿಯನ್ನೇ ನಂಬಿ ಬದುಕುವವಳು ನಾನು, ನನಗಾದರೂ ಹೊಳೆಯಬೇಕಿತ್ತು.

"ಬಿಚ್ಬೇಡ್ರೀ" ಎಂದಳು ಅಕ್ಕ ಕಟ್ಟೆಯಿಂದ. "ಇಲ್ಲಿ ದೋಣೀನ ಕಟ್ಟಿಹಾಕಿದ್ದೀರಿ, ಅದು ತಿರುಗೋದು ಹೇಗೆ? ಅಡುಗೆ ಮಾಡೋದು ಆಚೆ ಲಂಗರು ಹಾಕಿದಾಗ. ಲಂಗರು ಹಾಕಿದ್ರೆ ದೋಣಿ ತಾನಾಗೇ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತೆ. ಹೊಗೆ ಹಿಂದಕ್ಕೆ ಹೋಗುತ್ತೆ, ಸಮುದ್ರಕ್ಕೆ."

ಭಾವ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಆದ್ರೆ ಆ ಏಣಿಗೆ ತೀರಾ ಹತ್ತಿರ ಆಯ್ತು. ಈಜಿ ಬಂದವರು ತಲೆ ಸುಟ್ಕೋತಾರೆ. ಸ್ವಲ್ಪ ಎಡಕ್ಕೆ. ಇನ್ನೂ ಎಡಕ್ಕೆ. ಇಲ್ಲಿಂದ ಸರಿಯಾಗಿ ಕಾಣ್ತಿಲ್ಲ, ತಡೀರಿ." ಅಕ್ಕ ಎದ್ದಳು, ಚೀಲ ಸರಿಮಾಡಿಕೊಂಡಳು, ಕಂಬಿ ಹಿಡಿದು ದೋಣಿಯೊಳಕ್ಕೆ ಕಾಲಿಟ್ಟಳು.

ಏನಾದರೂ ಅಂದರೆ ವಾಪಸ್ಸು ಇಳಿದುಬಿಟ್ಟಾಳು ಎಂದು ನಾನು ದಾರದ ತುದಿ ಕತ್ತರಿಸುವುದರಲ್ಲಿ ಮುಳುಗಿದಂತೆ ನಟಿಸಿದೆ.

ಚರ್ಮದ ಪಟ್ಟಿ ಬಿಚ್ಚಿ ಅವಳು ತೋರಿಸಿದ ಜಾಗದಲ್ಲಿ ಮತ್ತೆ ಹೊಲಿದೆ, ಗ್ರಿಲ್ ಎಡಕ್ಕೆ ಸರಿಯಿತು. ಸಿಲಿಂಡರನ್ನು ಕಂಬಿಯ ಹೊರಗೆ ನೇತುಹಾಕಿ ಭಾವ ಪೈಪು ಜೋಡಿಸಿದರು, ಸ್ಪ್ಯಾನರಿನಿಂದ ತಿರುಗಿಸಿದರು, ವಾಲ್ವು ತೆರೆದರು. ನಂತರ ಬಗ್ಗಿ ಜೋಡಣೆಯ ಹತ್ತಿರ ಮೂಗು ಒಯ್ದು ದೀರ್ಘವಾಗಿ ಮೂಸಿದರು. ಮನೆಯಲ್ಲಿ ಹಾಲು ಮೂಸುವ ಅದೇ ಗತ್ತು.

"ಏನೂ ಇಲ್ಲ. ಒಲೆ ಹಚ್ಚೋಣ."

"ತಡೀರಿ" ಎಂದಳು ಅಕ್ಕ.

ಚೀಲದಿಂದ ಒಂದು ಡಬ್ಬಿ ಬಂತು. ಅದರಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು, ಜೊತೆಗೊಂದು ಸಣ್ಣ ಬಣ್ಣದ ಬ್ರಷ್ಷು. ಬ್ರಷ್ಷನ್ನು ಅದ್ದಿ ಪೈಪಿನ ಜೋಡಣೆಗೆ ಸುತ್ತಲೂ ಸವರಿದಳು. ಅಂಗಡಿಯವನ ಕೈ ಆಡಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಮೂವರೂ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿ ನೋಡಿದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ಕೆಳಬದಿಯಲ್ಲಿ ಒಂದು ಗುಳ್ಳೆ ಎದ್ದಿತು. ಸಾಸಿವೆಯಷ್ಟಿತ್ತು, ಕಡಲೆಯಷ್ಟಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಹುಟ್ಟಿತು.

ಭಾವ ಮತ್ತೆ ಮೂಗು ಒಯ್ದರು. ಗುಳ್ಳೆ ಅವರ ಮೂಗಿನಡಿಯಲ್ಲೇ ಒಡೆಯಿತು.

"ವಾಸನೆ ಬಂತಾ?" ಅಕ್ಕ ಕೇಳಿದಳು.

"ಇಲ್ಲ ಕಣೇ."

"ನಿನಗೆ?"

ನಾನೂ ಬಗ್ಗಿ ಮೂಸಿದೆ. ಉಪ್ಪು, ಡೀಸೆಲ್ಲು, ಭಾವನ ತಲೆಗೂದಲ ಎಣ್ಣೆ. ಉಳಿದದ್ದನ್ನೆಲ್ಲ ಗಾಳಿ ಹೊತ್ತೊಯ್ದಿತ್ತು. "ಇಲ್ಲ ಅಕ್ಕ."

ಅಕ್ಕ ವಾಲ್ವು ಮುಚ್ಚಿದಳು. ಬ್ರಷ್ಷು ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟಳು. ಸೋಪಿನ ನೀರು ಸೀರೆಗೆ ಇಳಿಯುತ್ತಿದ್ದುದು ಅವಳಿಗೆ ತಿಳಿದಂತಿರಲಿಲ್ಲ.

"ಹಾಗಾದ್ರೆ ಇಲ್ಲಿ ನಿಮಗೂ ಗೊತ್ತಾಗಲ್ಲ" ಎಂದಳು. "ಈ ಗಾಳೀಲಿ ನಾವು ಮೂರು ಜನಾನೂ ಒಂದೇ."

ಹೇಳುತ್ತಾ ನಗಲು ಶುರುಮಾಡಿದಳು. ಜ್ವರ ಬಿಟ್ಟ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಭಾವ ಮಾತ್ರ ಪೆಚ್ಚಾಗಿ ಜೋಡಣೆ ಬಿಚ್ಚಿದರು. ಒಳಗಿನ ವಾಷರ್ ಮಡಚಿಕೊಂಡು ಒಂದು ಕಡೆ ಸೀಳಿತ್ತು. ಪೆಟ್ಟಿಗೆಯಲ್ಲಿ ಇನ್ನೊಂದಿತ್ತು, ಅದನ್ನು ಹಾಕಿ ಮತ್ತೆ ಬಿಗಿದರು. ಈ ಸಲ ಮೂಸಲಿಲ್ಲ. ವಾಲ್ವು ತೆರೆದು, ಪಕ್ಕಕ್ಕೆ ಸರಿದು, ಅಕ್ಕನಿಗೆ ಜಾಗ ಬಿಟ್ಟರು.

ಅವಳು ಸವರಿದಳು. ಕಾದಳು. ಇನ್ನೊಂದು ಸುತ್ತು ಸವರಿ, ಕನ್ನಡಕ ಏರಿಸಿಕೊಂಡು ಮತ್ತೆ ಕಾದಳು. ಒಂದೇ ಒಂದು ಗುಳ್ಳೆಯೂ ಏಳಲಿಲ್ಲ. ಸೋಪಿನ ನೀರು ಸುಮ್ಮನೆ ಇಳಿದು ಸಮುದ್ರಕ್ಕೆ ತೊಟ್ಟಿಕ್ಕಿತು.

"ಆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ, ನಾಳೆ ಬರೋದು ಬೇಡ ಅನ್ನಿ" ಎಂದಳು, ಕಣ್ಣನ್ನು ಜೋಡಣೆಯಿಂದ ತೆಗೆಯದೆ.

ಭಾವ ಜೇಬಿಗೆ ಕೈ ಹಾಕಿದರು. ಮೊದಲು ಅಯಸ್ಕಾಂತ ಬಂತು, ಆಮೇಲೆ ಫೋನು. ಸಾಲದೆಂಬಂತೆ ಕಣ್ಣೀರು ಬೇರೆ. ಬೆನ್ನು ತಿರುಗಿಸಿಕೊಂಡು ಎರಡೇ ಮಾತಿನಲ್ಲಿ ಫೋನು ಮುಗಿಸಿದರು.

ಅಕ್ಕ ವಾಲ್ವು ಮುಚ್ಚಿ, ಡಬ್ಬಿಯ ಮುಚ್ಚಳ ಬಿಗಿದು, ಬ್ರಷ್ಷಿನ ನೀರು ಕೊಡವಿದಳು. ಆಮೇಲೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು.

"ಸರಿ, ಬನ್ನಿ" ಎಂದಳು.

ನಾವು ಅವಳ ಪಕ್ಕದಲ್ಲೇ ಇದ್ದೆವು, ಬರುವುದಕ್ಕೆ ಬೇರೆ ಜಾಗವೇ ಇರಲಿಲ್ಲ. ಆದರೂ ನಾನು ಒಂದು ಹೆಜ್ಜೆ ಮುಂದೆ ಬಂದೆ. ಭಾವ ಹೋಗಿ ಇಂಜಿನ್ ಕೀಲಿ ತಿರುಗಿಸಿದರು.