ಕಿಟಕಿಯ ಸಂದು

ಮೂವತ್ತು ವರ್ಷ ಬರೆದವನ ಮನೆಯಲ್ಲಿ ಅವನದೇ ಒಂದು ಪುಸ್ತಕವೂ ಇರಲಿಲ್ಲ. ಮಗಳು ಹೆಣದ ತಲೆಯ ಬಳಿ ಅವನ ಕನ್ನಡಕ ಇಡುತ್ತಿದ್ದಳು. ಹಿಂದೆ ಚಿಕ್ಕಪ್ಪ ಕಿಟಕಿ ಗುದ್ದತೊಡಗಿದ.

"ಉಸಿರು ಕಟ್ಟುತ್ತೆ ಕಣೇ. ಹೀಗಾದ್ರೆ ಅಣ್ಣನ ಜೊತೆ ನಾವೂ ಹೊರಟೆವು!"

ಕಿಟಕಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಬಿಡಿ ಚಿಕ್ಕಪ್ಪ, ತುಕ್ಕು ಹಿಡಿದಿದೆ."

"ಮರಕ್ಕೆ ಯಾವಾಗಿಂದ ತುಕ್ಕು ಹಿಡಿಯೋಕೆ ಶುರುವಾಯ್ತೇ?"

ಮೂಲೆಯಲ್ಲಿ ಕೂತಿದ್ದ ಪಕ್ಷದ ಕಾರ್ಯದರ್ಶಿ ತಲೆಯೆತ್ತಿದ. ಸಾವಿಗೆ ಯಾರು ಬಂದರು, ಯಾರು ಅತ್ತರು ಎಂದು ನೋಡಿಕೊಳ್ಳಲು ಬಂದವನು ಅವನು.

"ತೆಗೀಲಿ ಬಿಡಮ್ಮ. ಮುಚ್ಚಿಡೋಕೆ ಇಲ್ಲೇನಿದೆ?"

ಅವಳು ಕನ್ನಡಕವನ್ನು ಮತ್ತೊಮ್ಮೆ ಸರಿಮಾಡಿ ಇಟ್ಟಳು.

*

ಆ ಕಾನೂನಿನ ಕರಡನ್ನು ಬರೆದವನು ಅಪ್ಪನೇ, ಮಂತ್ರಿಯಾಗಿದ್ದಾಗ. ನಿಷೇಧವಾದ ಪುಸ್ತಕವನ್ನು ಒಪ್ಪಿಸದೆ ನಾಶಮಾಡಿದರೆ ಮನೆಮಂದಿಗೆಲ್ಲ ಜೈಲು. ಭಾಷೆ ಚೆನ್ನಾಗಿದೆ ಎಂದು ನಾಯಕರು ಬೆನ್ನು ತಟ್ಟಿದ್ದರು. ಆಮೇಲೆ ಅವರೊಂದಿಗೇ ಮಾತಿಗೆ ಮಾತು ಬೆಳೆದು ಕುರ್ಚಿ ಹೋಯಿತು. ಬೆನ್ನಿಗೇ ಅಪ್ಪನ ಪುಸ್ತಕಗಳಿಗೂ ನಿಷೇಧ ಬಂತು.

ಒಪ್ಪಿಸಲು ಹೋದವರು ತಿರುಗಿ ಬರುತ್ತಿರಲಿಲ್ಲ. ಸುಟ್ಟರೆ ಹೊಗೆ ಕಾಣುತ್ತದೆ. ಅಪ್ಪ ಹಾಳೆಗಳನ್ನು ಹರಿದು ಬಕೆಟ್ಟಿನಲ್ಲಿ ನೆನೆಹಾಕಿದ; ಕಿವುಚಿ, ಅಂಟು ಬೆರೆಸಿ ಕಿಟಕಿಯ ಸಂದುಗಳಿಗೆ ಮೆತ್ತಿದ. ಮನೆಯ ಮಾತು ಹೊರಗೆ ಹೋಗದಿರಲಿ ಎಂದ.

"ಒಂದನ್ನಾದ್ರೂ ಇಟ್ಕೊಳ್ಳೋಣಪ್ಪಾ."

"ಕಿವುಚೇ. ಅಕ್ಷರ ಕಾಣಬಾರದು."

ಅಲ್ಲಿಂದಾಚೆಗೆ ಅವನು ಮಲಗಿದರೂ ಕಿವಿ ಬಾಗಿಲಲ್ಲೇ ಇರುತ್ತಿತ್ತು.

*

ಚಿಕ್ಕಪ್ಪ ಅಡುಗೆಮನೆಯಿಂದ ಚಾಕು ತಂದು ಸಂದಿಗೆ ತೂರಿಸಿದ.

"ಇದೇನು ಮೆತ್ತಿದಾನೋ ಪುಣ್ಯಾತ್ಮ, ಕಲ್ಲಾಗಿದೆ!"

ಬೂದು ಬಣ್ಣದ ಚಕ್ಕೆಯೊಂದು ಎದ್ದು ಕಾರ್ಯದರ್ಶಿಯ ಬೂಟಿನ ಬಳಿ ಬಿತ್ತು. ಅವನು ಎತ್ತಿಕೊಂಡು ಬೆಳಕಿಗೆ ಹಿಡಿದ. ಅಂಚಿನಲ್ಲಿ ಅರ್ಧ ಸಾಲು ಕರಗದೆ ಉಳಿದಿತ್ತು.

ಮಗಳು ಹೆಣದ ಮಂಚವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಾರ್ಯದರ್ಶಿಯ ತುಟಿ ಅಲುಗಿತು. ಚಕ್ಕೆಯ ಮೇಲಿನ ಮಾತು ಮುಗಿದ ಮೇಲೂ ಅಲುಗುತ್ತಲೇ ಇತ್ತು, ಮುಂದಿನದು ಬಾಯಿಪಾಠವಿದ್ದವನಂತೆ. ಅವಳು ನೋಡುತ್ತಿರುವುದು ಗೊತ್ತಾಗಿ ತಟ್ಟನೆ ಬಾಯಿ ಮುಚ್ಚಿದ. ಅವನ ಮುಖವೂ ಬಿಳಿಚಿಕೊಂಡಿತು.

"ಸುಣ್ಣ," ಎಂದ. "ಹಳೇ ಸುಣ್ಣ, ಅಷ್ಟೆ. ಕಿಟಕಿ ಬಿಡಿ ಯಜಮಾನ್ರೇ, ಧೂಳು ಬರುತ್ತೆ."

"ಈಗ ತಾನೆ ತೆಗೀಲಿ ಅಂದ್ರಿ?"

"ಬಿಡಿ ಅಂದೆನಲ್ಲ!"

ಚಕ್ಕೆಯನ್ನು ನೆಲಕ್ಕೆ ಹಾಕಿ ಬೂಟಿನಿಂದ ತಿಕ್ಕಿದ. ಪುಡಿಯಾದ ಮೇಲೂ ತಿಕ್ಕಿದ.

ಹೆಣ ಬಾಗಿಲು ದಾಟಿತು. ಕಿಟಕಿಗಳು ಮುಚ್ಚಿಯೇ ಇದ್ದವು. ಅವುಗಳ ಸಂದಿನಲ್ಲಿ ಆರು ಕಾದಂಬರಿ, ಮೂರು ಕಥಾಸಂಕಲನ, ಒಂದು ನಾಟಕ. ನೆಲದ ಮೇಲೆ ಅರ್ಧ ಸಾಲು.